ಒಣ ತೂಕ

ಮಂಗಳವಾರ, ಗುರುವಾರ, ಶನಿವಾರ
ಬೆಳಗಿನ ಐದೂಮುಕ್ಕಾಲಿನ ಬಸ್ಸು.
ಸಾವಾ ನದಿಯ ಮೇಲೆ ಮಂಜು, ಆಚೆ ದಡ ಬೋಸ್ನಿಯಾ.
ಮೊದಲು ತಕ್ಕಡಿಯ ಮೇಲೆ ನಿಲ್ಲಿಸುತ್ತಾರೆ.
ಇದರಲ್ಲಿ ನಾನೆಷ್ಟು, ನೀರೆಷ್ಟು,
ಲೆಕ್ಕ ಹಾಕುವವಳು ನರ್ಸ್ ಬ್ರಾಂಕಿತ್ಸಾ.
ನೀರು ಕಳೆದು ಉಳಿದದ್ದಕ್ಕೆ ಒಣ ತೂಕ ಅನ್ನುತ್ತಾರೆ.

ನಮ್ಮ ಹಳ್ಳಿಯ ಗೋಧಿಯಲ್ಲಿ ಯಾವುದೋ ಕಳೆಯ ಬೀಜ ಬೆರೆಯುತ್ತಿತ್ತಂತೆ.
ಗಿರಣಿ ಎರಡನ್ನೂ ಒಂದೇ ಹಿಟ್ಟು ಮಾಡಿತು.
ಅಪ್ಪನ ಕಿಡ್ನಿ ಹೋಯಿತು, ದೊಡ್ಡಮ್ಮನದು, ಈಗ ನನ್ನದು.
ರೊಟ್ಟಿ ಮಾತ್ರ ಬಹಳ ರುಚಿ ಇತ್ತು.

ಮೂವತ್ತೊಂದು ವರ್ಷ ಬಾಯ್ಲರ್ ಬೆಸೆದವನು,
ಒತ್ತಡ ಅಂದರೆ ಏನು, ನನಗೆ ಹೇಳಿಕೊಡಬೇಕಿಲ್ಲ.
ಮುಳ್ಳು ಕೆಂಪಿಗೆ ಬಂದರೆ ಎಲ್ಲರೂ ಓಡುತ್ತಾರೆ.
ಮುಳ್ಳು ಸೊನ್ನೆಯಲ್ಲೇ ಕೂತರೆ
ಯಾರೂ ಓಡುವುದಿಲ್ಲ,
ಊಟಕ್ಕೆ ಹೋಗುತ್ತಾರೆ.

ಎಂಟು ಕುರ್ಚಿ, ಆರು ಗಂಡಸರು, ನಾಲ್ಕು ಗಂಟೆ.
ಫುಟ್‌ಬಾಲು, ಯುದ್ಧ, ಹಂದಿಯ ಬೆಲೆ,
ಪ್ಲಮ್ ಹಣ್ಣಿನ ಸಾರಾಯಿ
(ಕುಡಿಯುವಂತಿಲ್ಲ, ಅದಕ್ಕೇ ಅದರ ಮಾತು ಜಾಸ್ತಿ).
ಅದೊಂದು ಬಿಟ್ಟು ಎಲ್ಲ.

ಪಕ್ಕದ ಕುರ್ಚಿಯ ಆಂಟುನ್ ಒಂದು ದಿನ
ಚಾವಣಿ ನೋಡುತ್ತ "ನಿನಗೂ...?" ಅಂದ.
"ಏನು ನನಗೂ?"
ಏನೆಂದು ನನಗೆ ಗೊತ್ತಿತ್ತು.
ಅವನು ಸ್ವಲ್ಪ ಹೊತ್ತು ಬಿಟ್ಟು, "ರಾತ್ರಿ ಕಾಲು ಸೆಳೆತ" ಅಂದ.
"ಹೌದು, ಸೆಳೆತ" ಅಂದೆ.
ಸುಳ್ಳೇನಲ್ಲ, ಸೆಳೆತ ಇದ್ದದ್ದೇ.

ಮನೆಯಲ್ಲಿ ಶ್ಟೆಫಿತ್ಸಾ ಏನೂ ಕೇಳಲಿಲ್ಲ.
"ದಣಿದಿದ್ದೀಯ" ಅಂದಳು, ಮೊದಲ ಚಳಿಗಾಲ.
ಎರಡನೆಯದರಲ್ಲಿ ಅದನ್ನೂ ಅನ್ನಲಿಲ್ಲ.
ನಮ್ಮ ಮಂಚ ಇರುವುದು ಕೋಣೆಯ ನಡುವೆ,
ಆದರೂ ಇಬ್ಬರೂ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆವು.

ಹೊಸ ಡಾಕ್ಟರು ಲ್ಯೆರ್ಕಾ, ನನ್ನ ಮಗಳಿಗಿಂತ ಚಿಕ್ಕವಳು.
ಹಸಿವು? ನಿದ್ದೆ? ತುರಿಕೆ?
ಅದೇ ದನಿಯಲ್ಲಿ, "ನಿಮಿರುತ್ತದೆಯೇ?"
ಬ್ರಾಂಕಿತ್ಸಾಳ ಕತ್ತರಿ ತಟ್ಟೆಗೆ ಬಿತ್ತು.
ಇಲ್ಲ ಅಂದೆ. ನಾಲ್ಕು ವರ್ಷ ಅಂದೆ.
ನಗುತ್ತಾಳೆ ಅಂದುಕೊಂಡೆ.
ಅವಳು ನನ್ನ ಅಂಗಿಯ ಗುಂಡಿ ಬಿಚ್ಚಿಸಿ
ಎದೆಗೆ ತಣ್ಣನೆಯ ಬಿಲ್ಲೆ ಇಟ್ಟಳು.

ತಾಯೀ, ದೂರು ಕೆಳಗಿನ ಮನೆಯದು,
ನೀನು ಬಡಿಯುತ್ತಿರುವುದು ಮೇಲಿನ ಬಾಗಿಲು.

"ಆ ನಾಳ ಈ ಪೆನ್ನಿನ ರೀಫಿಲ್ಲಿನಷ್ಟು ಸಣ್ಣದು.
ಹೃದಯದ್ದು ಅದಕ್ಕಿಂತ ದಪ್ಪ.
ಸುಣ್ಣ ಕಟ್ಟುವುದು ಎರಡರಲ್ಲೂ.
ಯಾವುದು ಮೊದಲು ಮುಚ್ಚುತ್ತದೆ?
ಬಾಯ್ಲರ್ ಬೆಸೆದವರು ನೀವೇ ಹೇಳಿ."
ಎಲ್ಲರಿಗೂ ಹಾಗಲ್ಲ ಅಂದಳು; ಮಾತ್ರೆಯಿಂದಲೂ ಇರಬಹುದು,
ಮನಸ್ಸಿನಿಂದಲೂ. ಆದರೂ ನೋಡೋಣ.

ನೋಡಿದರು. ಮೂರರಲ್ಲಿ ಎರಡು ನಾಳ ಕೂದಲೆಳೆಯಷ್ಟು ತೆರೆದಿದ್ದವು.
ಜಾಗ್ರೆಬ್‌ನಲ್ಲಿ ಸ್ಪ್ರಿಂಗು ಹಾಕಿದರು.
ನಾಲಿಗೆಯ ಕೆಳಗಿಡಲು ಒಂದು ಮಾತ್ರೆ ಕೊಟ್ಟರು.
ಹಾಗಾದರೆ ಆ ನೀಲಿ ಮಾತ್ರೆ? ಕೇಳಿಯೇಬಿಟ್ಟೆ,
ಮಾನ ಹೇಗೂ ಆ ತಟ್ಟೆಯಲ್ಲಿ ಕತ್ತರಿಯ ಜೊತೆ ಬಿದ್ದಿತ್ತು.
ಬೇಡ. ಎರಡೂ ಸೇರಿದರೆ ಒತ್ತಡ ಪಾತಾಳಕ್ಕೆ.
ಎದೆಯದೋ, ಅದರದೋ,
ಒಂದು ಕೈಗೆ ಒಂದೇ.
ಬಸ್ಸಿನಲ್ಲಿ ಒಬ್ಬನೇ ನಕ್ಕೆ, ಪಕ್ಕದವಳು ಚೀಲ ಸರಿಸಿಕೊಂಡಳು.

ಆಂಟುನ್ ಅಷ್ಟು ಹೊತ್ತಿಗೆ ಇರಲಿಲ್ಲ.
ಬೂಟಿನ ಒಂದು ದಾರ ಕಟ್ಟಿದ್ದನಂತೆ, ಇನ್ನೊಂದಕ್ಕೆ ಬಾಗಿದ್ದನಂತೆ.
ಶನಿವಾರ ಅವನ ಕುರ್ಚಿಯಲ್ಲಿ ದಾರಿಯೋ, ಇಪ್ಪತ್ತೊಂಬತ್ತು ವಯಸ್ಸು.
ಮೊನ್ನೆ ಚಾವಣಿ ನೋಡುತ್ತ ಅವನಿಗಂದೆ:
"ನನಗೂ ಇದೆ, ಕಾಲು ಸೆಳೆತ ಅಲ್ಲ."
ಹುಡುಗ ಇಯರ್‌ಫೋನ್ ಹಾಕಿಕೊಂಡ.

ಶ್ಟೆಫಿತ್ಸಾಳಿಗೆ ಎಲ್ಲ ಹೇಳಿದೆ, ದೀಪ ಆರಿಸಿ.
ಅವಳು ಅಳಲಿಲ್ಲ. "ನಾನು ಹಳೆಯದಾದೆ ಅಂದುಕೊಂಡಿದ್ದೆ" ಅಂದಳು.
ಆಮೇಲೆ ನನ್ನ ಎಡತೋಳು ಎಳೆದುಕೊಂಡು,
ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ಆ ನಾಳದ ಮೇಲೆ
ಕಿವಿ ಇಟ್ಟಳು.
"ಏನು ಕೇಳಿಸುತ್ತೆ?"
"ಗಿರಣಿ. ದೂರದಲ್ಲೆಲ್ಲೋ."
"ಓಡುತ್ತಾ ಇದೆಯಾ?"
"ಓಡುತ್ತಾ ಇದೆ. ಸುಮ್ಮನೆ ಮಲಗು,
ಕೈ ಮಡಚಬೇಡ."