ಹತ್ತು ಅಂಕಿ

ಜತ್ತದ ಬಸ್ ಸ್ಟ್ಯಾಂಡಿನ ಹಿಂದೆ, ಬೇದಾಣಿ ಶೆಡ್ಡಿನ ಪಡಸಾಲೆಯಲ್ಲಿ
ರಾತ್ರಿ ಎಂಟರ ಮೇಲೆ ನಾನು ಅಕ್ಷರ ಕಲಿಸುತ್ತಿದ್ದೆ,
ಹನ್ನೊಂದು ವರ್ಷದ ಹಿಂದಿನ ಮಾತು.
ಸುಗಲವ್ವ ಎಲ್ಲರಿಗಿಂತ ಹಿರಿಯಳು, ಎಲ್ಲರಿಗಿಂತ ಹಿಂದೆ.
'ಅ' ಅವಳ ಕೈಯಲ್ಲಿ ಕುಂಟುತ್ತಿತ್ತು,
ಸೊನ್ನೆ ಮಾತ್ರ ಒಂದೇ ಸುತ್ತಿಗೆ ದುಂಡಗೆ ಬಂತು.
"ಇದು ರೊಟ್ಟಿ ಅಲ್ಲೇನ್ರಿ ಅಕ್ಕೋರ?" ಅಂದಳು,
ಪಾಟಿಯ ತುಂಬ ರೊಟ್ಟಿ ಬಡಿದಳು.

ಮೂರು ತಿಂಗಳಿಗೆ ತನ್ನ ಫೋನಿನ ನಂಬರು ಬರೆದಳು,
ಹತ್ತೂ ಅಂಕಿ, ನಡುವೆ ಎರಡು ರೊಟ್ಟಿ.
ಕೆಂಪು ಖಡು ಹಿಡಿದು ನಾನು ಶಾಭಾಸ್ ಬರೆದೆ.
ತಪ್ಪು ಅಲ್ಲಿಂದಲೇ ಶುರುವಾಯಿತೇನೋ.

ಆಮೇಲೆ ಕೇಳಿದವರಿಗೆಲ್ಲ ಬರೆದುಕೊಟ್ಟಳು.
ಸೀರೆ ಅಂಗಡಿಯ ಲಕ್ಕಿ ಡ್ರಾ ಡಬ್ಬಿಗೆ,
ಮಿರಜಿನ ಕಣ್ಣಿನ ಕ್ಯಾಂಪಿನ ಪಟ್ಟಿಗೆ,
ಪೇಟೆಯಲ್ಲಿ ಛತ್ರಿಯಡಿ ಸಿಮ್ ಮಾರುವ ಹುಡುಗನಿಗೆ,
ಬಂಗಾರದಂಗಡಿಯ ಉದ್ಘಾಟನೆಯ ದಿನ ಒಂದು ಲೋಟ ಶರಬತ್ತಿಗೆ.
ಹೆಬ್ಬೆಟ್ಟು ಒತ್ತಿ ಒತ್ತಿ ನೀಲಿಯಾಗಿದ್ದ ಕೈ,
ಪೆನ್ನು ಚಾಚಿದವರನ್ನು ಬರಿಗೈಲಿ ಕಳಿಸೀತು ಹೇಗೆ?

ಈಗ ದಿನಕ್ಕೆ ಹದಿನಾಲ್ಕು ಫೋನು.
ಸಾಲ ಬೇಕೇ, ವಿಮೆ ಬೇಕೇ, ಪುಣೆಯಲ್ಲಿ ಪ್ಲಾಟು ಬೇಕೇ,
ಮೊಣಕಾಲಿನ ಎಣ್ಣೆ, ಮೂರು ಬಾಟಲಿಗೆ ಒಂದು ಫುಕಟ.
ಟಪಾಲಿನಲ್ಲಿ ಮಿರಿಮಿರಿ ಹಾಳೆ: ತಾವು ಆಯ್ಕೆಯಾಗಿದ್ದೀರಿ.
ಅರ್ಧ ಮರಾಠಿ, ಅರ್ಧ ಹಿಂದಿ, ಕನ್ನಡದಲ್ಲಿ ಒಂದೂ ಇಲ್ಲ.
ಮಾರುವವರಿಗೂ ಗೊತ್ತಿಲ್ಲ ನಾವಿಲ್ಲಿ ಇದ್ದೇವೆಂದು.

"ಬ್ಯಾಡ ಅನ್ರಿ, ಇಟ್ಟುಬಿಡ್ರಿ" ಅಂದೆ.
"ಹೆಂಗ ಅನ್ಲಿ? ಆ ಹುಡುಗಿ ನಮಸ್ಕಾರ ಅಂತಾಳ.
ಊಟ ಆತೇನವ್ವ ಅಂತ ನಾ ಕೇಳ್ತೀನಿ,
ಹಾಂಜಿ ಹಾಂಜಿ ಅಂತಾಳ,
ಆಮ್ಯಾಲ ನನ್ನ ಹೆಸರಿಗೆ ಏನೋ ಬರ್ತದ."
ಬಂದಿತ್ತು. ಒಂದು ಹಾಡು ಬಂದಿತ್ತು,
ತಿಂಗಳಿಗೆ ನಲವತ್ತೊಂಬತ್ತು ರೂಪಾಯಿ, ಕಾಲರ್ ಟ್ಯೂನು.
ಫೋನು ಮಾಡಿದವರೆಲ್ಲ ಕೇಳಿದ್ದರು,
ರೊಕ್ಕ ಕೊಟ್ಟವಳು ಒಂದು ದಿನವೂ ಕೇಳಿರಲಿಲ್ಲ.

"ನೀವು ಕಲಿಸಿದ್ದ ಅಲ್ರಿ ಅಕ್ಕೋರ" ಅಂದಳು.
ದೂರಲಿಲ್ಲ. ಸುಮ್ಮನೆ ಅಂದಳು.

ಕಟ್ಟೆಯ ಮೇಲೆ ಕೂತೆವು. ನನಗೂ ಈಗ ಅರವತ್ತೆರಡು,
ಚಾಳೀಸು ಮನೆಯಲ್ಲೇ ಮರೆತಿದ್ದೆ,
ಅವಳದನ್ನೇ ಏರಿಸಿಕೊಂಡೆ, ಅದೇ ಮಿರಜಿನ ಕ್ಯಾಂಪಿನದು.
"ಏಳರ ಗುಂಡಿ ನಾಕು ಸಲ. ಎಂಟು ಒಂದ ಸಲ."
ಇಂಗ್ಲಿಷಿನ ಐದು ಅಕ್ಷರಕ್ಕೆ ಎರಡು ಕಪ್ಪು ಚಹಾ ಆರಿತು.
"ಒಂದು ಜಾಗಾ ಬಿಡ್ರಿ. ಈಗ ಸೊನ್ನೆ."
ತಲೆ ಎತ್ತಿದಳು. "ರೊಟ್ಟಿ?"
"ರೊಟ್ಟಿನ. ಒತ್ತಿ ಹಿಡೀರಿ."
"ಎಷ್ಟೊತ್ತನಾ?"
"ಉಬ್ಬೂತನಾ."
ಕಳಿಸಬೇಕಾದ ನಂಬರು ಒಂದು ಒಂಬತ್ತು ಸೊನ್ನೆ ಒಂಬತ್ತು.
"ಇದರಾಗೂ ಒಂದು ಅದ ನೋಡ್ರಿ" ಎಂದು ತಾನೇ ಒತ್ತಿದಳು.

ಏಳು ದಿನ ಬೇಕು ಅಂತ ಉತ್ತರ ಬಂತು.
"ಬ್ಯಾಂಕಿಂದು, ಗ್ಯಾಸಿಂದು?"
"ಅವು ಬರ್ತಾವ."
"ಹಂಗಾರ ಬೇದಾಣಿ ಆರಿಸಿದಂಗ. ಕಡ್ಡಿ ಅಷ್ಟ ಹೋಗಬೇಕು."
ಮೂವತ್ತು ವರ್ಷ ಕಡ್ಡಿ ಆರಿಸಿದವಳು, ನನಗೇ ತಿಳಿಸಿ ಹೇಳಿದಳು.

ಪೂರಾ ನಿಲ್ಲಲಿಲ್ಲ. ಹದಿನಾಲ್ಕು ಮೂರಕ್ಕೆ ಇಳಿದಿದೆ.
ಉಳಿದವರಿಗೆ 'ನಕೋ' ಅನ್ನುವುದನ್ನು ದಿನಾ ರೂಢಿ ಮಾಡುತ್ತಾಳೆ,
ಮೊದಲು ಬೆಕ್ಕಿಗೆ, ಆಮೇಲೆ ನನಗೆ.
ಮಿರಿಮಿರಿ ಹಾಳೆಗಳು ಹಪ್ಪಳದ ಕೆಳಗೆ ಬಿಸಿಲು ಕಾಯುತ್ತಿವೆ.

ನಿನ್ನೆ ಚಪ್ಪಲಿ ಅಂಗಡಿಗೆ ಜೊತೆಗೆ ಹೋಗಿದ್ದೆ.
ಬಿಲ್ಲು ಹರಿಯುತ್ತ ಹುಡುಗ ಪುಸ್ತಕ ಚಾಚಿದ,
"ಮಾವಶಿ, ನಂಬರ್ ಲಿಹಾ."
ನಾನು ಬಾಯಿ ತೆರೆಯುವಷ್ಟರಲ್ಲಿ
ಪೆನ್ನು ಅವಳ ಕೈಯಲ್ಲಿತ್ತು.
ನಾಲಗೆಯ ತುದಿ ಹಲ್ಲಿಗೆ ಕಚ್ಚಿ, ಪಾಟಿಯ ಮೇಲೆ ಬರೆದ ಹಾಗೆಯೇ,
ಹೆಸರು ಪೂರ್ತಿ ಬರೆದಳು, ಕನ್ನಡದಲ್ಲಿ.
ಅದರ ಮುಂದೆ, ಗೆರೆಯ ಮೇಲೆ, ಅವಸರವಿಲ್ಲದೆ,
ಒಂದಕ್ಕೊಂದು ಅಂಟದಂತೆ ಹತ್ತು ಸೊನ್ನೆ.

ಹುಡುಗ ನೋಡದೆ ಪುಸ್ತಕ ಮಡಚಿದ.
"ಥ್ಯಾಂಕ್ಯೂ ಮಾವಶಿ" ಅಂದ.