ಅರ್ಧ ಗಡ್ಡ

ಈ ಕಡೆ ಗಲ್ಲ ನುಣುಪಾಗೈತಿ, ಆ ಕಡೆ ಇನ್ನೂ ನೊರಿ.
ಕತ್ತಿ ತಡದು ಚನ್ನವೀರ ಕೇಳ್ತಾನ:
"ನಿಮ್ಮ ಬಾಕಳೆನ್ನ ಬಿಡ್ರಿ,
ನಮ್ಮ ಮೌಲಾಸಾಬನ್ನ ಒಯ್ರಿ. ಆತಿಲ್ಲೋ?"

ಬೆಟಗೇರಿ ಮೈದಾನದಾಗ ಮಳಿನೀರು,
ಗೋಲ್‌ಪೋಸ್ಟಿನ ಮ್ಯಾಲ ಬೆಳ್ಳಕ್ಕಿ.
ಹಾಕಿ ನಿಂತು ಎರಡು ತಿಂಗಳಾತು,
ಮಾತು ನಿಂತಿಲ್ಲ.

"ಮೌಲಾನ ಮೊಣಕಾಲು ಹೋಗೈತಿ" ಅಂತೀನಿ,
ತುಟಿ ಅಲುಗಿಸದ.
"ನಿಮ್ಮಾಂವಗ ಓಟ ಬಿಟ್ರ ಏನೈತಿ?"
ಕನ್ನಡಿಯೊಳಗ ಇಬ್ಬರೂ ನಗೂದಿಲ್ಲ.

ಖರೆ ಅಂದ್ರ, ಬಾಕಳೆ ನಿನ್ನೆನ
ಹುಬ್ಬಳ್ಳಿ ತಂಡಕ್ಕ ಸಹಿ ಹಾಕ್ಯಾನ.
ನನಗೂ ಗೊತ್ತು, ಚನ್ನವೀರಗೂ ಗೊತ್ತು.
ಹ್ವಾದ ಎತ್ತಿನ ಹಲ್ಲು ಎಣಸಿ
ಚೌಕಾಶಿ ನಡಸೀವಿ,
ಹೊರಗ ಟಾಂಗಾಕೂಟದಾಗ ಮಳಿ.

ನೊರಿ ಒಣಗಿ ಕಡಿಯಾಕ ಹತ್ತೈತಿ.
ಕತ್ತಿ ಗಂಟಲಿಗೆ ಬಂದಾಗ
"ಮುಂಗೈ ಮಾತ್ರ ಚಲೋ ಐತಿ
ಮೌಲಾಸಾಬಂದು" ಅಂದೆ.