ಬಿದ್ದದ್ದು ಕೇಳಬೇಕು

"ನೆಲ ಅಂದ್ರೆ ಸೀರೆ ಅಲ್ರಕ್ಕ,
ಒಪ್ಪಲಿಲ್ಲ ಅಂತ ಬದಲಾಯ್ಸಕ್ಕೆ.
ಚೆನ್ನಾಗಿ ಯೋಚ್ನೆ ಮಾಡ್ರಿ" ಅಂದ ಗುಡ್ಡಪ್ಪ ಮೇಸ್ತ್ರಿ,
ನಮೂನೆಗಳನ್ನು ಹೊಸ್ತಿಲ ಮುಂದೆ ಹರಡಿ.

ನಿಟುವಳ್ಳಿಯ ಹಿತ್ತಲಲ್ಲಿ ಹನ್ನೆರಡಡಿಗೆ ಹತ್ತು, ತಗಡಿನ ಶೆಡ್ಡು.
ಹೊಲಿಗೆ ಮಿಷಿನ್ನಿನ ಆಸ್ಪತ್ರೆ ಅಂತಾರೆ ಓಣಿಯವರು.
ಡಾಕ್ಟರೂ ನಾನೇ, ಕಸ ಹೊಡೆಯುವ ಆಯಾನೂ ನಾನೇ.

ಟೈಲ್ಸಿನ ಮೇಲೆ ಸುತ್ತಿಗೆ ಬಿಟ್ಟೆ, ಬೇಕಂತಲೇ.
ಮೂಲೆಯಿಂದ ಮೂಲೆಗೆ ಕೂದಲೆಳೆಯ ಬಿರುಕು.
ಗುಡ್ಡಪ್ಪ ಏನೂ ಅನ್ನದೆ ಚೂರು ಎತ್ತಿ ಅತ್ತ ಇಟ್ಟ.

ಎಪಾಕ್ಸಿಯ ಹುಡುಗ ಬಣ್ಣದ ಕಾರ್ಡು ಬಿಚ್ಚಿದ:
"ಕನ್ನಡಿ ಮೇಡಂ! ಎಣ್ಣೆ ಚೆಲ್ಲಿದ್ರೆ ಒರೆಸಿದ್ರಾಯ್ತು."
ಅವನಿಗೇನು ಗೊತ್ತು,
ಭದ್ರಾ ನಾಲೆಗೆ ನೀರು ಬಿಟ್ಟ ಸುದ್ದಿ
ಪೇಪರಿಗಿಂತ ಮೊದಲು ನನ್ನ ಹಿತ್ತಲಿಗೆ ಬರುತ್ತದೆ.
ಅಡಿಯ ತೇವ ಎದ್ದರೆ, ತಮ್ಮಾ, ನಿನ್ನ ಕನ್ನಡಿ ಹಪ್ಪಳ.

ರೆಡ್ ಆಕ್ಸೈಡಿಗೆ ಮನಸ್ಸು ಜಾರಿದ್ದು ಸುಳ್ಳಲ್ಲ.
ಅವ್ವ ಕೊಬ್ಬರಿ ಎಣ್ಣೆ ತಿಕ್ಕಿ ತಿಕ್ಕಿ
ಅಡುಗೆಮನೆಯ ನೆಲದಲ್ಲಿ ಮುಖ ಕಾಣಿಸುತ್ತಿದ್ದಳು.
ಆದರೆ ತುಕ್ಕು ಹಿಡಿದ ಸ್ಕ್ರೂ ಆ ಕೆಂಪಿಗೆ ಬಿದ್ದರೆ
ನೆಲದ್ಯಾವುದು, ಸ್ಕ್ರೂ ಯಾವುದು?

ಕೊನೆಯದು ಬರೀ ಬೂದಿ ಬಣ್ಣ.
ಜಲ್ಲಿ ಕಾಂಕ್ರೀಟು, ಹಸಿಯಿರುವಾಗಲೇ ಮೇಲೆ ಹಾರ್ಡನರ್ ಪುಡಿ,
ಉಕ್ಕಿನ ಕರಣೆಯಲ್ಲಿ ಎರಡು ಸಲ ತೀಡಿದ್ದು.
ಕಣ್ಣು ಮುಚ್ಚಿ ಅಕ್ಕಿಕಾಳಿನಷ್ಟು ಸ್ಕ್ರೂ ಬಿಟ್ಟೆ.
ಟಿಣ್.
ಆಮೇಲೆ ಉರುಳಿದ ಸದ್ದು, ಎಡಕ್ಕೆ, ಗೋಡೆಯ ಕಡೆಗೆ.
ಕಣ್ಣು ಬಿಡುವ ಮೊದಲೇ ಕೈ ಅಲ್ಲಿತ್ತು.
"ಇದೇ ಇರಲಿ" ಅಂದೆ.
"ಚೆಂದ ಕಾಣಲ್ರಲ್ಲ" ಅಂದ.
"ಕೇಳ್ತದಲ್ಲ."

ಮರುದಿನ ಹಳೆಯ ನೆಲ ಅಗೆದರು.
ಮಣ್ಣು ನೆಲ, ವಾರವಾರ ಸಗಣಿ ಸಾರಿಸಿದ್ದು,
ಮೆತ್ತಗೆ, ತಣ್ಣಗೆ, ಏನು ಬಿದ್ದರೂ ಸದ್ದಿಲ್ಲ.
ಜರಡಿ ಹಿಡಿದ ಗುಡ್ಡಪ್ಪನ ಹೆಂಡತಿ
ಒಂದೊಂದೇ ನನ್ನ ಸೆರಗಿಗೆ ಹಾಕಿದಳು:
ಸ್ಪ್ರಿಂಗು, ಸೂಜಿಯ ಮುರುಕು, ವಾಷರು,
ಯಾರದೋ ಮೂಗುಬಟ್ಟು,
ಮತ್ತೆ, ಮಣ್ಣು ಮೆತ್ತಿದ ಒಂದು ಬಾಬಿನ್ ಕೇಸು.

ಜಪಾನಿನದು. ಒಂಬೈನೂರು ರೂಪಾಯಿಯದು.
ಹನ್ನೊಂದು ವರ್ಷದ ಹಿಂದೆ, ಯುಗಾದಿಯ ಗಡಿಬಿಡಿಯಲ್ಲಿ
ಗಿರಾಕಿಗಳ ಎದುರಿಗೇ
ಓಬಳೇಶನ ಜೇಬು ತಿರುವಿ ನೋಡಿದ್ದೆ.
ನಾಲ್ಕು ಕಾಳು ಮಂಡಕ್ಕಿ ಇತ್ತು.
ಸಿಗಲಿಲ್ಲ ಅನ್ನುವುದನ್ನೇ ಸಾಕ್ಷಿ ಮಾಡಿಕೊಂಡೆ.
ಹದಿನಾರರ ಹುಡುಗ,
ಸ್ಕ್ರೂಡ್ರೈವರು ಒರೆಸಿ ಡಬ್ಬಿಯಲ್ಲಿಟ್ಟು ಹೋದ.

ಕಾಂಕ್ರೀಟು ಬಿತ್ತು. ಗೋಣಿಚೀಲ ಹಾಸಿ
ಹೊತ್ತಿಗೆ ಮೂರು ಸಲ ನೀರು ಕುಡಿಸಿದೆ.
ಹತ್ತು ದಿನ ಕಾಲಿಡಬ್ಯಾಡ್ರಿ ಅಂದಿದ್ದ ಮೇಸ್ತ್ರಿ.
ಬಾಗಿಲಲ್ಲಿ ಕೂತೆ, ಕೆಲಸವಿಲ್ಲದ ಕೈಯಲ್ಲಿ
ಸೀಮೆಎಣ್ಣೆ, ಹಳೆಯ ಬ್ರಷ್ಷು, ಆ ಬಾಬಿನ್ ಕೇಸು.
ತಿಕ್ಕಿದಷ್ಟೂ ಹೊಳೆಯಿತು, ಹಾಳಾದ್ದು.

ಜಗಳೂರು ಬಸ್‌ಸ್ಟ್ಯಾಂಡಿನ ಹಿಂದೆ ಅವನ ಅಂಗಡಿ.
ಬೆಂಕಿಪೊಟ್ಟಣದಲ್ಲಿಟ್ಟು ಮೇಜಿನ ಮೇಲೆ ತಳ್ಳಿದೆ.
ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು
ಅಷ್ಟು ಹೊತ್ತಿಗೆ ಎಲ್ಲಿ ಬಿದ್ದಿತ್ತೋ.
ತೆರೆದ. ನೋಡಿದ. ಬಾಬಿನ್ನು ತುಂಬಿ, ಮಿಷಿನ್ನಿಗೆ ಕೂರಿಸಿ
ಚಿಂದಿಯ ಮೇಲೆ ಗೇಣುದ್ದ ಹೊಲಿಗೆ ಓಡಿಸಿದ.
"ಎಲ್ಲಿತ್ತು?"
"ನೆಲದಾಗೆ."

ಹಲ್ಲಲ್ಲಿ ದಾರ ಕಡಿದು,
ಬಹಳ ಹೊತ್ತಿನ ಮೇಲೆ ಕೇಳಿದ:
"ಈಗ ಏನು ಹಾಕ್ಸಿದ್ರಿ ನೆಲಕ್ಕೆ?"

ಹೇಳಿದೆ. ಜಲ್ಲಿ, ಪುಡಿ, ಕರಣೆ, ಹತ್ತು ದಿನದ ನೀರು.
ಚದರಡಿಗೆ ಎಷ್ಟಾಯಿತು ಅಂತಲೂ ಹೇಳಿದೆ.
ಅವನು ತಲೆ ಬಗ್ಗಿಸಿ
ಎಲ್ಲವನ್ನೂ ಬರೆದುಕೊಂಡ.